ಬೀಗಕ್ಕೆ ಹೊಂದಿದ ಕೀಲಿಯೆಲ್ಲ ಔಷಧಿಯಲ್ಲ: ರಕ್ತದೊತ್ತಡ, ಕಂಪ್ಯೂಟರ್ ಮಾದರಿ ಮತ್ತು ತಿದ್ದಿಕೊಂಡ ಒಂದು ಪಾಠ

ಬೋಧನಾಭ್ಯಾಸಕ್ಕೆ ಪ್ರಶಿಕ್ಷಣಾರ್ಥಿಗಳನ್ನು ಶಾಲೆಗಳಿಗೆ ಕಳುಹಿಸುವ ಮೊದಲು ವಿಧಾನ ಬೋಧಕರು ಒಂದು ಪ್ರಾತ್ಯಕ್ಷಿಕೆ ಪಾಠ ಮಾಡುವುದು ನಮ್ಮ ಕಾಲೇಜಿನ ರೂಢಿ. ಕಳೆದ ಸಾಲಿನಲ್ಲಿ ವಿಜ್ಞಾನದ ಪಾಠ ನನ್ನದಾಗಿತ್ತು. ಹತ್ತಿರದ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಯಲ್ಲಿ ‘ಜೀವಕ್ರಿಯೆಗಳು’ ಘಟಕದೊಳಗಿನ ರಕ್ತದೊತ್ತಡದ ಭಾಗವನ್ನು ಆರಿಸಿಕೊಂಡೆ. ಹಿಂದಿನ ಬೆಂಚುಗಳಲ್ಲಿ ಹದಿನಾಲ್ಕು ಮಂದಿ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದರು.

ಪಾಠ ಚೆನ್ನಾಗಿಯೇ ಸಾಗಿತ್ತು. ರಟ್ಟಿನಲ್ಲಿ ದೊಡ್ಡದೊಂದು ಬೀಗ, ಬಣ್ಣಬಣ್ಣದ ಕೀಲಿಗಳು. ಕಿಣ್ವವೆಂದರೆ ಬೀಗ, ಔಷಧಿಯ ಅಣುವೆಂದರೆ ಕೀಲಿ ಎಂದು ತೋರಿಸಿದೆ. ಕೊನೆಯಲ್ಲಿ ಮಕ್ಕಳ ಕುತೂಹಲ ಕೆರಳಿಸಲೆಂದು ಒಂದು ಮಾತು ಸೇರಿಸಿದೆ: “ಈಗ ಕಂಪ್ಯೂಟರಿನೊಳಗೇ ಬೀಗವನ್ನಿಟ್ಟು ಲಕ್ಷಾಂತರ ಕೀಲಿಗಳನ್ನು ಹಾಕಿ ನೋಡುತ್ತಾರೆ. ಯಾವುದು ಹೊಂದುತ್ತದೆಯೋ ಆ ಔಷಧಿಯನ್ನು ಕಂಡುಹಿಡಿಯುತ್ತಾರೆ.”

ಗಂಟೆ ಬಾರಿಸಿತು. ಒಬ್ಬ ಹುಡುಗ ಮೇಜಿನ ಬಳಿ ಬಂದು ನಿಂತ. “ಮೇಡಂ, ನಮ್ಮಜ್ಜಿ ಬಿಪಿ ಮಾತ್ರೆ ಬಿಟ್ಟು ತಿಂಗಳಾಯ್ತು. ಒಂದು ಗಿಡದ ಎಲೆಯಲ್ಲಿರೋದು ಮಾತ್ರೆಗಿಂತ ಚೆನ್ನಾಗಿ ಕೂರುತ್ತೆ ಅಂತ ಕಂಪ್ಯೂಟರಿನಲ್ಲಿ ಸಾಬೀತಾಗಿದೆಯಂತೆ. ಮೊಬೈಲಿಗೆ ಬಂದಿತ್ತು. ನಾನು ನಂಬಿರಲಿಲ್ಲ. ನೀವು ಹೇಳಿದ್ದೂ ಅದನ್ನೇ ಅಲ್ವಾ?”

ಅವನು ವಾದಕ್ಕೆ ಬಂದವನಲ್ಲ. ನನ್ನ ಪಾಠವನ್ನು ಗಮನವಿಟ್ಟು ಕೇಳಿ ಅದರಿಂದ ಸರಿಯಾಗಿ ತೀರ್ಮಾನ ತೆಗೆದವನು. ತಪ್ಪು ನನ್ನ ವಾಕ್ಯದಲ್ಲಿತ್ತು. ಆ ಹೊತ್ತಿಗೆ ಒಂದೇ ಮಾತು ಹೇಳಿದೆ: “ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ಇವತ್ತೇ ಅಮ್ಮನಿಗೆ ಹೇಳು.” ಮುಖ್ಯೋಪಾಧ್ಯಾಯರ ಮೂಲಕ ಅವನ ಮನೆಗೂ ವಿಷಯ ತಿಳಿಸಿದೆ. ಆ ಪಾಠವನ್ನು ಮತ್ತೆ ಹೇಗೆ ಕಟ್ಟಿದೆ ಎಂಬುದನ್ನು ಸಹೋದ್ಯೋಗಿಗಳಿಗೂ ಪ್ರಶಿಕ್ಷಣಾರ್ಥಿಗಳಿಗೂ ತಿಳಿಸಲು ಈ ಲೇಖನ. ಮೊದಲು ವಿಷಯವನ್ನು ವಿವರಿಸಿ, ಆಮೇಲೆ ತರಗತಿಗೆ ಬರುತ್ತೇನೆ.

ಬೀಗ ಯಾವುದು?

ಪಠ್ಯಪುಸ್ತಕದಲ್ಲಿ ಇರುವುದು ಇಷ್ಟು: ರಕ್ತ ನಾಳದ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ, ಸಾಮಾನ್ಯವಾಗಿ ಅದು ಪಾದರಸದ 120/80 ಮಿಲಿಮೀಟರ್. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡವೆಂದು ವೈದ್ಯರು ಸಾಮಾನ್ಯವಾಗಿ ಗುರುತಿಸುತ್ತಾರೆ. ಹೆಚ್ಚಿನವರಲ್ಲಿ ಇದಕ್ಕೆ ನೋವಿಲ್ಲ, ಲಕ್ಷಣವಿಲ್ಲ. ಮಾತ್ರೆ ಬಿಟ್ಟರೂ ಮೊದಮೊದಲು ಏನೂ ಆದಂತೆ ಅನಿಸುವುದಿಲ್ಲ. ಅಜ್ಜಿ “ನಾನು ಚೆನ್ನಾಗೇ ಇದ್ದೀನಿ” ಎಂದದ್ದು ಸುಳ್ಳಲ್ಲ. ಆದರೆ ಒಳಗೊಳಗೇ ಹೃದಯ, ಮೂತ್ರಪಿಂಡ, ಮಿದುಳಿನ ನಾಳಗಳಿಗೆ ಪೆಟ್ಟು ಬೀಳುತ್ತಿರುತ್ತದೆ.

ಒತ್ತಡವನ್ನು ಏರಿಳಿಸುವ ಹಲವು ವ್ಯವಸ್ಥೆಗಳು ದೇಹದಲ್ಲಿವೆ. ಅವುಗಳಲ್ಲಿ ಒಂದನ್ನು ಮಕ್ಕಳಿಗೆ ಸರಪಳಿಯಂತೆ ಹೇಳಬಹುದು. ಯಕೃತ್ತು ಒಂದು ಉದ್ದನೆಯ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಒತ್ತಡ ಇಳಿದಾಗ ಮೂತ್ರಪಿಂಡವು ರೆನಿನ್ ಎಂಬ ಕಿಣ್ವವನ್ನು ಬಿಡುತ್ತದೆ. ರೆನಿನ್ ಆ ಪ್ರೋಟೀನಿನಿಂದ 10 ಅಮೈನೋ ಆಮ್ಲಗಳ ತುಂಡೊಂದನ್ನು ಕತ್ತರಿಸುತ್ತದೆ. ಅದು ಆಂಜಿಯೊಟೆನ್ಸಿನ್-1. ಇದರಿಂದ ಹೆಚ್ಚಿನ ಪರಿಣಾಮವಿಲ್ಲ. ಆಮೇಲೆ ಇನ್ನೊಂದು ಕಿಣ್ವ ಬಂದು ತುದಿಯ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕುತ್ತದೆ. ಉಳಿದ 8ರ ತುಂಡು ಆಂಜಿಯೊಟೆನ್ಸಿನ್-2. ಇದು ನಾಳಗಳನ್ನು ಬಿಗಿಗೊಳಿಸುತ್ತದೆ, ಉಪ್ಪು ನೀರನ್ನು ದೇಹದಲ್ಲಿ ಉಳಿಸುವಂತೆ ಮಾಡುತ್ತದೆ. ಒತ್ತಡ ಏರುತ್ತದೆ.

ಆ ಎರಡನೆಯ ಕತ್ತರಿಯ ಹೆಸರು ಆಂಜಿಯೊಟೆನ್ಸಿನ್ ಪರಿವರ್ತಕ ಕಿಣ್ವ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವೈದ್ಯರು ‘ಏಸ್’ ಎನ್ನುತ್ತಾರೆ. ಕತ್ತರಿಯ ಬಾಯಿಯಲ್ಲಿ ಸತುವಿನ ಒಂದು ಅಯಾನು ಕುಳಿತಿರುತ್ತದೆ. ಕತ್ತರಿಸುವ ಕೆಲಸ ಅದಿಲ್ಲದೆ ನಡೆಯದು. ಈ ಬಾಯಿಗೆ ಏನನ್ನಾದರೂ ಸಿಕ್ಕಿಸಿಬಿಟ್ಟರೆ ಆಂಜಿಯೊಟೆನ್ಸಿನ್-2 ತಯಾರಾಗುವುದು ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ನಮ್ಮ ಪಾಠದ ಬೀಗ ಇದೇ.

ಕಿಣ್ವವನ್ನು ಬೀಗಕ್ಕೂ ಅದು ಹಿಡಿಯುವ ಅಣುವನ್ನು ಕೀಲಿಗೂ ಹೋಲಿಸಿದವನು ಜರ್ಮನಿಯ ರಸಾಯನವಿಜ್ಞಾನಿ ಎಮಿಲ್ ಫಿಷರ್, 1894ರಲ್ಲಿ. 1958ರಲ್ಲಿ ಅಮೆರಿಕದ ಡೇನಿಯಲ್ ಕೋಶ್ಲಂಡ್ ಇದಕ್ಕೊಂದು ತಿದ್ದುಪಡಿ ಸೂಚಿಸಿದ: ಬೀಗ ಕಬ್ಬಿಣದ್ದಲ್ಲ, ಕೀಲಿ ಒಳಹೊಕ್ಕಾಗ ಅದೂ ಸ್ವಲ್ಪ ಆಕಾರ ಬದಲಿಸುತ್ತದೆ. ಕೈಗವಸಿಗೆ ಕೈ ಹಾಕಿದಂತೆ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಈ ತಿದ್ದುಪಡಿ ನನ್ನ ಮೊದಲ ಪಾಠದಲ್ಲಿ ಇರಲೇ ಇಲ್ಲ.

ಹಾವಿನ ವಿಷದಿಂದ ಮಾತ್ರೆಗೆ

ಏಸ್‌ಗೆ ಮೊದಲ ಕೀಲಿ ಸಿಕ್ಕಿದ್ದು ಬ್ರೆಜಿಲ್‌ನ ಜರರಾಕಾ ಎಂಬ ಹಾವಿನ ವಿಷದಲ್ಲಿ. ನಮ್ಮ ಕೊಳಕುಮಂಡಲದ ದೂರದ ಸಂಬಂಧಿ ಅದು. ಬ್ರೆಜಿಲ್‌ನ ಸೆರ್ಜಿಯೊ ಫೆರೇರಾ 1965ರಲ್ಲಿ ಆ ವಿಷದಲ್ಲಿ ರಕ್ತನಾಳಗಳನ್ನು ಸಡಿಲಿಸುವ ಬ್ರಾಡಿಕೈನಿನ್ ಎಂಬ ವಸ್ತುವಿನ ಪರಿಣಾಮವನ್ನು ಹೆಚ್ಚಿಸುವ ಅಂಶವಿದೆಯೆಂದು ತೋರಿಸಿದ. ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದೇ ಅಂಶ ಏಸ್ ಕಿಣ್ವವನ್ನೂ ತಡೆಯುತ್ತದೆಂದು ಗೊತ್ತಾಯಿತು. ವಿಷದಿಂದ ಬೇರ್ಪಡಿಸಿದ 9 ಅಮೈನೋ ಆಮ್ಲಗಳ ಒಂದು ತುಂಡಿಗೆ ಟೆಪ್ರೊಟೈಡ್ ಎಂದು ಹೆಸರಾಯಿತು. ಚುಚ್ಚುಮದ್ದಾಗಿ ಕೊಟ್ಟರೆ ರೋಗಿಗಳ ಒತ್ತಡ ಇಳಿಯುತ್ತಿತ್ತು. ಬಾಯಿಯ ಮೂಲಕ ಕೊಟ್ಟರೆ ಪ್ರಯೋಜನವಿಲ್ಲ. ಜೀರ್ಣಾಂಗಕ್ಕೆ ಅದೂ ಒಂದು ಪ್ರೋಟೀನಿನ ಚೂರು, ಅರಗಿಸಿಬಿಡುತ್ತಿತ್ತು. ದಿನವೂ ತೆಗೆದುಕೊಳ್ಳಬೇಕಾದ ಔಷಧಿಗೆ ಇದು ಆಗದ ಮಾತು.

ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಸಣ್ಣದೊಂದು ಕೀಲಿಗಾಗಿ ಹುಡುಕಿದರು. ಕೈಗೆ ಸಿಕ್ಕ ರಾಸಾಯನಿಕಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುವ ದಾರಿಯಲ್ಲಿ ಫಲ ಸಿಗಲಿಲ್ಲ. ಬೀಗವನ್ನು ನೋಡಿ ಕೀಲಿ ಮಾಡೋಣವೆಂದರೆ ಏಸ್‌ನ ಆಕಾರ ಆಗ ಯಾರಿಗೂ ಗೊತ್ತಿರಲಿಲ್ಲ. ಆಗ ಅವರು ಒಂದು ಹೋಲಿಕೆಯ ಮೊರೆಹೊಕ್ಕರು. ದನದ ಮೇದೋಜೀರಕ ಗ್ರಂಥಿಯಲ್ಲಿರುವ ಕಾರ್ಬಾಕ್ಸಿಪೆಪ್ಟಿಡೇಸ್-ಎ ಎಂಬ ಕಿಣ್ವಕ್ಕೂ ಸತುವಿನ ಬಾಯಿಯಿದೆ. ಅದರ ಆಕಾರವನ್ನು ವಿಲಿಯಂ ಲಿಪ್‌ಸ್ಕೋಂಬ್ ಅವರ ತಂಡ 1960ರ ದಶಕದಲ್ಲೇ ಬಿಡಿಸಿತ್ತು. ಅದು ಪ್ರೋಟೀನಿನ ತುದಿಯಿಂದ ಒಂದು ಅಮೈನೋ ಆಮ್ಲವನ್ನು ಕತ್ತರಿಸುತ್ತದೆ, ಏಸ್ ಎರಡನ್ನು. ಹಾಗಾದರೆ ಏಸ್‌ನಲ್ಲಿಯೂ ಒಂದೆಡೆ ಸತು, ಇನ್ನೊಂದೆಡೆ ಕೀಲಿಯ ತುದಿಯನ್ನು ಹಿಡಿಯುವ ಧನ ಆವೇಶದ ಜಾಗ ಇರಬೇಕು, ಇವೆರಡರ ನಡುವಿನ ದೂರ ಒಂದು ಅಮೈನೋ ಆಮ್ಲದಷ್ಟು ಹೆಚ್ಚಿರಬೇಕು ಎಂದು ಅವರು ತರ್ಕಿಸಿದರು.

ಆ ಊಹೆಯ ಬೀಗಕ್ಕೆ ಅವರು ಮಾಡಿದ ಮೊದಲ ಕೀಲಿ ಸಕ್ಸಿನೈಲ್-ಪ್ರೋಲೀನ್. ಹಾವಿನ ವಿಷದ ತುಂಡು ಪ್ರೋಲೀನ್ ಎಂಬ ಅಮೈನೋ ಆಮ್ಲದಲ್ಲಿ ಕೊನೆಯಾಗುತ್ತಿದ್ದುದರಿಂದ ಅದನ್ನು ಉಳಿಸಿಕೊಂಡರು. ಕೀಲಿ ಹೊಕ್ಕಿತು, ಆದರೆ ಸಡಿಲವಾಗಿತ್ತು. ಸತುವಿಗೆ ತಾಗುವ ತುದಿಯಲ್ಲಿ ಗಂಧಕವಿರುವ ಗುಂಪನ್ನು ಹಾಕಿದಾಗ ಹಿಡಿತ ಸಾವಿರ ಪಟ್ಟಿಗೂ ಮೇಲೆ ಬಿಗಿಯಾಯಿತು. ಪಕ್ಕದಲ್ಲಿ ಒಂದು ಮೀಥೈಲ್ ಗುಂಪು ಸೇರಿಸಿದಾಗ ಇನ್ನಷ್ಟು. ಹೀಗೆ ಹುಟ್ಟಿದ ಕ್ಯಾಪ್ಟೊಪ್ರಿಲ್‌ನ ವಿವರ 1977ರಲ್ಲಿ ಪ್ರಕಟವಾಯಿತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧಿಯಾಗಿ ಅನುಮತಿ ಸಿಕ್ಕಿತು. ನುಂಗಬಹುದಾದ ಮೊದಲ ಏಸ್ ತಡೆಗಾರ ಅದು. ಎನಾಲಪ್ರಿಲ್, ಲಿಸಿನೊಪ್ರಿಲ್ ಆಮೇಲೆ ಬಂದವು.

ಈ ಕೆಲಸದಲ್ಲಿ ಕಂಪ್ಯೂಟರಿನ ಪಾತ್ರವಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಾದರಿಯಿದ್ದದ್ದು ಕಾಗದದ ಮೇಲೆ. ಕಂಪ್ಯೂಟರ್ ಮಾದರಿ ಎಂದರೇನೆಂದು ತಿಳಿಯಲು ಇದೇ ಅತ್ಯುತ್ತಮ ಉದಾಹರಣೆಯೆಂದು ನನಗೆ ಅನ್ನಿಸುತ್ತದೆ. ಇಂದಿನ ಯಂತ್ರ ಮಾಡುವುದೂ ಇದನ್ನೇ: ಬೀಗದ ಬಗ್ಗೆ ತಿಳಿದಿರುವುದರಿಂದ ಒಂದು ಊಹೆ, ಆ ಊಹೆಯಿಂದ ಕೆಲವು ಕೀಲಿಗಳು, ಆಮೇಲೆ ಪರೀಕ್ಷೆ.

ಊಹೆ ಎಲ್ಲಿ ತಪ್ಪಿತ್ತು, ಎಲ್ಲಿ ಸರಿಯಿತ್ತು?

2003ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ನಟೇಶ್ ಮತ್ತು ರವಿ ಆಚಾರ್ಯ, ಕೇಪ್‌ಟೌನಿನ ಸಂಶೋಧಕರ ಜೊತೆಗೂಡಿ, ಮಾನವನ ಏಸ್ ಕಿಣ್ವಕ್ಕೆ ಲಿಸಿನೊಪ್ರಿಲ್ ಅಂಟಿಕೊಂಡಿರುವ ಸ್ಫಟಿಕ ರಚನೆಯನ್ನು ಬಿಡಿಸಿದರು. ನೋಡಿದರೆ ಏಸ್‌ನ ಒಟ್ಟು ಆಕಾರಕ್ಕೂ ಕಾರ್ಬಾಕ್ಸಿಪೆಪ್ಟಿಡೇಸ್-ಎ ಆಕಾರಕ್ಕೂ ಹೋಲಿಕೆಯೇ ಬಹಳ ಕಡಿಮೆ. ಔಷಧಿ ಬಂದು ಇಪ್ಪತ್ತೆರಡು ವರ್ಷಗಳ ಮೇಲೆ ಗೊತ್ತಾಯಿತು, ಅದನ್ನು ಹುಟ್ಟಿಸಿದ ಮಾದರಿ ಮನೆಯ ನಕ್ಷೆಯಾಗಿ ತಪ್ಪು ಎಂದು. ಆದರೆ ಬಾಗಿಲಿನ ಬಳಿ ಇದ್ದದ್ದು, ಅಂದರೆ ಸತು ಮತ್ತು ತುದಿಯನ್ನು ಹಿಡಿಯುವ ಧನ ಆವೇಶ, ಊಹಿಸಿದಂತೆಯೇ ಇತ್ತು.

ಮಾದರಿ ಸತ್ಯವಾಗಿರಬೇಕಿಲ್ಲ. ಯಾವ ಕೆಲಸಕ್ಕೆ ಬಳಸುತ್ತೇವೋ ಆ ಭಾಗದಲ್ಲಿ ಸಾಕಷ್ಟು ಸರಿಯಿರಬೇಕು, ಸರಿಯಿದೆಯೇ ಎಂದು ಪರೀಕ್ಷಿಸುವ ದಾರಿಯಿರಬೇಕು. ಕುಶ್‌ಮನ್ ಮತ್ತು ಒಂಡೆಟ್ಟಿ ತಮ್ಮ ಕಾಗದದ ಬೀಗವನ್ನು ನಂಬಿ ಮಾತ್ರೆ ಹಂಚಲಿಲ್ಲ. ಪ್ರತಿಯೊಂದು ಕೀಲಿಯನ್ನೂ ನಿಜವಾದ ಕಿಣ್ವದ ಮೇಲೆ ಹಾಕಿ ನೋಡಿದರು. ಪಾಠಯೋಜನೆಯಲ್ಲಿ ನಾನು ಬಿಟ್ಟದ್ದು ಈ ಒಂದು ಸಾಲು.

ಕಂಪ್ಯೂಟರ್ ಏನು ಮಾಡುತ್ತದೆ?

ಇಂದು ಪ್ರೋಟೀನುಗಳ ಆಕಾರಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಒಂದು ಸಂಗ್ರಹವಿದೆ, ಪ್ರೋಟೀನ್ ಡೇಟಾ ಬ್ಯಾಂಕ್. 1971ರಲ್ಲಿ 7 ರಚನೆಗಳಿಂದ ಆರಂಭವಾದ ಅದರಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಏಸ್‌ನ ರಚನೆಯನ್ನೂ ಅಲ್ಲಿ ತೆರೆದು, ತಿರುಗಿಸಿ, ತರಗತಿಗೆ ತೋರಿಸಬಹುದು. ಹೀಗೆ ಬಿಡಿಸಿದ ರಚನೆ ಸರಿಯಿದೆಯೇ ಎಂದು ನೋಡಲು ಇಂದಿಗೂ ಬಳಸುವ ಒಂದು ಅಳತೆಗೋಲು ರಾಮಚಂದ್ರನ್ ನಕ್ಷೆ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ಘಟಕವನ್ನು ಕಟ್ಟಿದವರೂ ಅವರೇ. ಬೀಗದ ಚಿತ್ರವನ್ನೇ ಮೊದಲು ಪರೀಕ್ಷಿಸಬೇಕು ಎಂಬ ಪಾಠ ಅವರ ನಕ್ಷೆಯಲ್ಲಿದೆ.

ಬೀಗ ಸಿಕ್ಕ ಮೇಲೆ ಕೀಲಿಗಳನ್ನು ಹಾಕಿ ನೋಡುವ ಕೆಲಸಕ್ಕೆ ‘ಡಾಕಿಂಗ್’ ಎನ್ನುತ್ತಾರೆ. ದೋಣಿಯನ್ನು ದಡಕ್ಕೆ ಹಚ್ಚಿದಂತೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಇರ್ವಿನ್ ಕುಂಟ್ಜ್ ಅವರ ತಂಡ ಇದಕ್ಕೊಂದು ಪ್ರೋಗ್ರಾಮನ್ನು ಪ್ರಕಟಿಸಿತು. ಅಲ್ಲಿಂದೀಚೆಗೆ ಇಂಥವು ಅನೇಕ ಬಂದಿವೆ. ಎಲ್ಲದರಲ್ಲೂ ಎರಡು ಕೆಲಸ. ಒಂದು, ಅಣುವನ್ನು ಬೀಗದ ಬಾಯಿಯಲ್ಲಿ ನಾನಾ ಕೋನಗಳಲ್ಲಿ ತಿರುಗಿಸಿ, ಬಾಗಿಸಿ ಕೂರಿಸಿ ನೋಡುವುದು. ಎರಡು, ಪ್ರತಿ ಕೂರುವಿಕೆಗೂ ಅಂಕ ಕೊಡುವುದು: ಆಕಾರ ಹೊಂದಿತೇ, ವಿರುದ್ಧ ಆವೇಶಗಳು ಎದುರುಬದುರಾದವೇ, ಹೈಡ್ರೋಜನ್ ಬಂಧ ಏರ್ಪಟ್ಟಿತೇ ಎಂದು ಕೂಡಿ ಕಳೆದು ಒಂದು ಸಂಖ್ಯೆ. ಆ ಸಂಖ್ಯೆಯನ್ನು ಸಾಮಾನ್ಯವಾಗಿ ಕಿಲೋಕ್ಯಾಲರಿಯಲ್ಲಿ, ಋಣ ಚಿಹ್ನೆಯೊಂದಿಗೆ ಬರೆಯುತ್ತಾರೆ. ಹೆಚ್ಚು ಋಣವಾದಷ್ಟೂ ಹಿಡಿತ ಬಿಗಿ ಎಂದು ಲೆಕ್ಕ.

ಬೀಗದ ಆಕಾರ ಗೊತ್ತಿಲ್ಲದಾಗಲೂ ಕಂಪ್ಯೂಟರ್ ನೆರವಾಗುತ್ತದೆ. ಆಂಜಿಯೊಟೆನ್ಸಿನ್-2 ಹೋಗಿ ಕೂರುವ ಗ್ರಾಹಿಯ ರಚನೆ ತಿಳಿದದ್ದು 2015ರಲ್ಲಿ. ಆದರೆ ಅದಕ್ಕೆ ಬಹಳ ಮೊದಲೇ ಡುಪಾಂಟ್ ಕಂಪನಿಯ ಸಂಶೋಧಕರು ಜಪಾನಿನ ಟಕೇಡಾ ಕಂಪನಿ ಗುರುತಿಸಿದ್ದ ಸಣ್ಣ ಅಣುವೊಂದನ್ನು ಆಂಜಿಯೊಟೆನ್ಸಿನ್-2ರ ಕಂಪ್ಯೂಟರ್ ಮಾದರಿಯ ಮೇಲೆ ಒರಗಿಸಿ, ಎಲ್ಲಿ ಉದ್ದ ಸಾಲದು, ಎಲ್ಲಿ ಋಣ ಆವೇಶ ಬೇಕು ಎಂದು ನೋಡಿದರು. ಅದರಿಂದ ಬೆಳೆದದ್ದು ಲೊಸಾರ್ಟನ್, 1995ರಲ್ಲಿ ಅನುಮತಿ ಪಡೆದ ಔಷಧಿ. ನಮ್ಮಲ್ಲಿ ಅನೇಕರ ಮನೆಯಲ್ಲಿರುವ ಟೆಲ್ಮಿಸಾರ್ಟನ್ ಅದೇ ಗುಂಪಿನದು.

ಅಂಕ ಎಷ್ಟು ನಂಬಬಹುದು?

ಮರುದಿನ ಹುಡುಗ ಆ ಸಂದೇಶವನ್ನು ಒಂದು ಚೀಟಿಯಲ್ಲಿ ಬರೆದು ತಂದ. ಎಲೆಯ ಸಂಯುಕ್ತಕ್ಕೆ −9.1, ಮಾತ್ರೆಗೆ −7.8. ಅದರ ಕೆಳಗೆ ‘ಆದ್ದರಿಂದ ಮಾತ್ರೆಗಿಂತ ಉತ್ತಮ’ ಎಂದಿತ್ತು.

ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ 1.3. ದೇಹದ ಉಷ್ಣತೆಯಲ್ಲಿ ಸುಮಾರು 1.4 ಕಿಲೋಕ್ಯಾಲರಿ ವ್ಯತ್ಯಾಸವೆಂದರೆ ಹಿಡಿತದಲ್ಲಿ 10 ಪಟ್ಟು ವ್ಯತ್ಯಾಸ. ಕೇಳಲು ದೊಡ್ಡದೇ. ಆದರೆ ಇಂಥ ಪ್ರೋಗ್ರಾಮುಗಳ ಲೆಕ್ಕದಲ್ಲಿ 2 ಕಿಲೋಕ್ಯಾಲರಿಯಷ್ಟು ದೋಷ ಸಾಮಾನ್ಯ. ತಪ್ಪುವ ಮಿತಿಯೇ 2 ಇರುವಾಗ 1.3ರ ವ್ಯತ್ಯಾಸವನ್ನು ಇಟ್ಟುಕೊಂಡು ಯಾವುದು ಮೇಲು ಎಂದು ಹೇಳಲಾಗದು. ಅರ್ಧ ಕಿಲೋ ಆಚೀಚೆ ತೋರಿಸುವ ತಕ್ಕಡಿಯಲ್ಲಿ ನೂರು ಗ್ರಾಂ ಚಿನ್ನ ತೂಗಿದಂತೆ.

ದೋಷ ಏಕೆ ಬರುತ್ತದೆ? ದೇಹದೊಳಗೆ ಬೀಗದ ಬಾಯಿಯ ತುಂಬ ನೀರಿನ ಅಣುಗಳಿರುತ್ತವೆ. ಕೀಲಿ ಅವುಗಳನ್ನು ಸರಿಸಿ ಒಳಹೋಗಬೇಕು. ಬೀಗವೂ ಅಲುಗಾಡುತ್ತದೆ. ಸತುವಿನಂಥ ಲೋಹದ ಹಿಡಿತವನ್ನು ಲೆಕ್ಕಹಾಕುವುದು ಇನ್ನೂ ಕಷ್ಟ. ಲಕ್ಷಾಂತರ ಅಣುಗಳನ್ನು ಬೇಗ ನೋಡಬೇಕಾದ ಪ್ರೋಗ್ರಾಮು ಇವನ್ನೆಲ್ಲ ಸರಳಗೊಳಿಸಿಕೊಂಡಿರುತ್ತದೆ. ವೇಗಕ್ಕಾಗಿ ತೆತ್ತ ಬೆಲೆ ಅದು.

ಹಾಗಾದರೆ ಇದರಿಂದ ಪ್ರಯೋಜನವೇನು? ಇದನ್ನು ಮಕ್ಕಳಿಗೆ ಲೆಕ್ಕವಾಗಿಯೇ ಕೊಡಬಹುದು. ಸಂಖ್ಯೆಗಳು ನಾನು ಪಾಠಕ್ಕಾಗಿ ಕಲ್ಪಿಸಿಕೊಂಡವು. 1010 ಅಣುಗಳಿವೆ. ಅವುಗಳಲ್ಲಿ 10 ಮಾತ್ರ ನಿಜವಾಗಿ ಕೆಲಸ ಮಾಡುವಂಥವು. ಮಾದರಿ ಆ ಹತ್ತರಲ್ಲಿ 8ನ್ನು ಹಿಡಿಯುತ್ತದೆ. ಕೆಲಸ ಮಾಡದ 1000ದಲ್ಲಿ ನೂರಕ್ಕೆ 5ನ್ನು ತಪ್ಪಾಗಿ ಒಳಗೆ ಬಿಡುತ್ತದೆ, ಅಂದರೆ 50. ಮಾದರಿ ಆರಿಸಿದ್ದು ಒಟ್ಟು 58, ಅದರಲ್ಲಿ ನಿಜವಾದವು 8. ಕಣ್ಣು ಮುಚ್ಚಿ ಆರಿಸಿದ್ದರೆ ನೂರೊಂದರಲ್ಲಿ ಒಂದು ಸಿಗುತ್ತಿತ್ತು. ಈಗ ಸುಮಾರು ಏಳರಲ್ಲಿ ಒಂದು. ಪ್ರಯೋಗಾಲಯದಲ್ಲಿ ದುಡಿಯುವವರಿಗೆ ಇದು ದೊಡ್ಡ ಉಳಿತಾಯ. ಆದರೆ ಆ 58ರಲ್ಲಿ ಯಾವುದೋ ಒಂದನ್ನು ಎತ್ತಿ ಅಜ್ಜಿಗೆ ಕೊಟ್ಟರೆ ಏಳರಲ್ಲಿ ಆರು ಸಲ ಅದು ಏನೂ ಮಾಡದ ವಸ್ತು. ಒಂದೇ ಲೆಕ್ಕದಲ್ಲಿ ಮಾದರಿಯ ಉಪಯೋಗವೂ ಅದರ ಮಿತಿಯೂ ಕಾಣುತ್ತವೆ.

ನಾಲ್ಕು ಬಾಗಿಲುಗಳು

ಹೊಸ ಪಾಠಯೋಜನೆಯಲ್ಲಿ ಔಷಧಿಯ ದಾರಿಯನ್ನು ನಾಲ್ಕು ಬಾಗಿಲುಗಳಾಗಿ ಬರೆದೆ.

ಮೊದಲನೆಯದು: ಲೆಕ್ಕದಲ್ಲಿ ಹೊಂದುತ್ತದೆಯೇ? ಕಂಪ್ಯೂಟರ್ ಉತ್ತರಿಸುವುದು ಮುಖ್ಯವಾಗಿ ಇದನ್ನು.

ಎರಡನೆಯದು: ಪ್ರನಾಳದಲ್ಲಿ ನಿಜವಾದ ಕಿಣ್ವವನ್ನು ತಡೆಯುತ್ತದೆಯೇ?

ಮೂರನೆಯದು: ದೇಹದೊಳಗೆ ಹೋಗಿ, ಅರಗದೆ ಉಳಿದು, ಬೇರೆ ಹಾನಿ ಮಾಡದೆ ಒತ್ತಡವನ್ನು ಇಳಿಸುತ್ತದೆಯೇ? ಮೊದಲು ಪ್ರಾಣಿಗಳಲ್ಲಿ, ಆಮೇಲೆ ಕೆಲವೇ ಮನುಷ್ಯರಲ್ಲಿ ನೋಡುತ್ತಾರೆ. ಟೆಪ್ರೊಟೈಡ್ ಎಡವಿದ್ದು ಇಲ್ಲಿ. ಏಸ್ ತಡೆಗಾರಗಳನ್ನು ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಬರುತ್ತದೆ. ಏಸ್ ಕಿಣ್ವಕ್ಕೆ ಬ್ರಾಡಿಕೈನಿನ್ ಅನ್ನು ಒಡೆಯುವ ಇನ್ನೊಂದು ಕೆಲಸವೂ ಇದೆ, ಅದೂ ನಿಂತುಹೋಗುವುದರಿಂದ ಹೀಗಾಗುತ್ತದೆಂದು ವಿವರಿಸುತ್ತಾರೆ. ಬೀಗದ ಚಿತ್ರವನ್ನು ಎಷ್ಟು ತಿರುಗಿಸಿ ನೋಡಿದರೂ ಅದರಲ್ಲಿ ಕೆಮ್ಮು ಕಾಣುವುದಿಲ್ಲ.

ನಾಲ್ಕನೆಯದು: ಬಹಳ ಮಂದಿ ರೋಗಿಗಳಲ್ಲಿ, ಔಷಧಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದಾಗ, ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ಹಾನಿ ನಿಜವಾಗಿ ತಗ್ಗುತ್ತವೆಯೇ? ಅಂಕೆ ಇಳಿಯುವುದಷ್ಟೇ ಗುರಿಯಲ್ಲ.

ನಾಲ್ಕನೆಯ ಬಾಗಿಲಿಗೆ ಅಲಿಸ್ಕಿರೆನ್ ಒಳ್ಳೆಯ ಉದಾಹರಣೆ. ಸರಪಳಿಯ ಮೊದಲ ಕತ್ತರಿಯಾದ ರೆನಿನ್ ಅನ್ನು ತಡೆಯುವ ಔಷಧಿ ಅದು. ರೆನಿನ್‌ನ ಸ್ಫಟಿಕ ರಚನೆ ಮತ್ತು ಕಂಪ್ಯೂಟರ್ ಮಾದರಿಯನ್ನು ಬಳಸಿ ವಿನ್ಯಾಸ ಮಾಡಿದ್ದು. 2007ರಲ್ಲಿ ಅನುಮತಿ ಸಿಕ್ಕಿತು. ಒತ್ತಡವನ್ನು ಅದು ಇಳಿಸುತ್ತದೆ. ಆದರೆ ಮಧುಮೇಹದ ಜೊತೆ ಮೂತ್ರಪಿಂಡ ಅಥವಾ ಹೃದಯದ ತೊಂದರೆಯೂ ಇದ್ದ ರೋಗಿಗಳಿಗೆ, ಅವರು ಆಗಲೇ ಪಡೆಯುತ್ತಿದ್ದ ಏಸ್ ತಡೆಗಾರ ಅಥವಾ ಲೊಸಾರ್ಟನ್ ಗುಂಪಿನ ಮಾತ್ರೆಯ ಜೊತೆಗೆ ಇದನ್ನೂ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯನ್ನು 2011ರ ಡಿಸೆಂಬರಿನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಿದ್ದವು. ಮೊದಲ ಮೂರು ಬಾಗಿಲುಗಳನ್ನು ದಾಟಿದ ಔಷಧಿಯ ವಿಷಯದಲ್ಲೂ ನಾಲ್ಕನೆಯದನ್ನು ತಟ್ಟಿ ನೋಡಲೇಬೇಕು.

ಹಾಗಾದರೆ ಗಿಡಮೂಲಿಕೆ?

ಈ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ‘ಸೊಪ್ಪುಸದೆಯೆಲ್ಲ ಮೂಢನಂಬಿಕೆ’ ಎಂದು ಹೇಳಿದರೆ ಅದೂ ತಪ್ಪು, ಮಕ್ಕಳ ಮನೆಯವರಿಗೆ ಅವಮಾನ ಬೇರೆ. ನಾನು ಸರ್ಪಗಂಧದ ಕತೆ ಹೇಳುತ್ತೇನೆ. ನಮ್ಮ ನಾಡವೈದ್ಯದಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ಬೇರು ಅದು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಅದನ್ನು ಕೊಟ್ಟು, ಅಳೆದು, ಫಲಿತಾಂಶವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಲಾಯಿತು, ಅದು ಜಗತ್ತಿನಾದ್ಯಂತ ಔಷಧಿಯಾಯಿತು. ಮನಸ್ಸು ಕುಗ್ಗುವುದೇ ಮೊದಲಾದ ಅಡ್ಡಪರಿಣಾಮಗಳಿಂದಾಗಿ, ಉತ್ತಮವಾದ ಬೇರೆ ಔಷಧಿಗಳು ಬಂದ ಮೇಲೆ ಬಳಕೆ ಕಡಿಮೆಯಾಯಿತು. ಗಿಡದಿಂದ ಬಂತೋ, ಹಾವಿನಿಂದ ಬಂತೋ, ಕಂಪ್ಯೂಟರಿನಿಂದ ಬಂತೋ ಎಂಬುದು ಮುಖ್ಯವಲ್ಲ. ಯಾವ ಬಾಗಿಲಿನವರೆಗೆ ಬಂದಿದೆ ಎಂಬುದು ಮುಖ್ಯ.

ಚಟುವಟಿಕೆ: ಇಪ್ಪತ್ತು ಕೀಲಿಗಳು

ಎರಡನೆಯ ಪಾಠವನ್ನು ಅದೇ ತರಗತಿಯಲ್ಲಿ, ಅದೇ ಪ್ರಶಿಕ್ಷಣಾರ್ಥಿಗಳ ಮುಂದೆ ಮಾಡಿದೆ. ‘ಹೋದ ವಾರ ನಾನೊಂದು ವಾಕ್ಯ ತಪ್ಪಾಗಿ ಹೇಳಿದ್ದೆ, ಇವತ್ತು ಅದನ್ನು ತಿದ್ದುತ್ತೇನೆ’ ಎಂದೇ ಆರಂಭಿಸಿದೆ. ಚಟುವಟಿಕೆ ಹೀಗಿತ್ತು.

ರಟ್ಟಿನ ಬೀಗದ ಬಾಯಿಯಲ್ಲಿ ಮೂರು ಗುರುತುಗಳು: ಸತುವಿಗೆ ಒಂದು ಗುಂಡುಸೂಜಿ, ಧನ ಆವೇಶಕ್ಕೆ ಕೂಡಿಸುವ ಚಿಹ್ನೆ, ನಡುವೆ ಒಂದು ತಗ್ಗು. ಬಣ್ಣದ ಕಾಗದದ 20 ಕೀಲಿಗಳು, ಒಂದೊಂದಕ್ಕೂ ಸಂಖ್ಯೆ. ನಾಲ್ಕು ಗುಂಪುಗಳು. ಆಕಾರಕ್ಕೆ 4, ಸತುವಿಗೆ ತಾಗಿದರೆ 4, ಆವೇಶ ಎದುರಾದರೆ 2, ಹೀಗೆ 10ಕ್ಕೆ ಅಂಕ ಕೊಟ್ಟು ಪ್ರತಿ ಗುಂಪೂ ಮೊದಲ ಐದನ್ನು ಆರಿಸಬೇಕು. ಒಂದೇ ಕೀಲಿಗೆ ಬೇರೆ ಬೇರೆ ಗುಂಪುಗಳು 6, 7, 8 ಎಂದು ಬೇರೆ ಬೇರೆ ಅಂಕ ಕೊಟ್ಟವು. ಅಂಕದಲ್ಲೇ ದೋಷವಿರುತ್ತದೆ ಎಂಬುದು ನಾನು ಹೇಳುವ ಮೊದಲೇ ಕಪ್ಪುಹಲಗೆಯ ಮೇಲೆ ಕಾಣಿಸಿತು.

ಆಮೇಲೆ ಲಕೋಟೆಗಳು. ಆರಿಸಿದ ಕೀಲಿಯ ಸಂಖ್ಯೆಯ ಲಕೋಟೆಯನ್ನು ತೆರೆದರೆ ಒಂದರ ಹಿಂದೊಂದು ಮೂರು ಚೀಟಿಗಳು, ಎರಡು, ಮೂರು, ನಾಲ್ಕನೆಯ ಬಾಗಿಲುಗಳಿಗೆ. ‘ಪ್ರನಾಳದಲ್ಲಿ ಕಿಣ್ವ ನಿಲ್ಲಲಿಲ್ಲ’, ‘ಜಠರದಲ್ಲಿ ಅರಗಿಹೋಯಿತು’, ‘ಒತ್ತಡ ಇಳಿಯಿತು, ಮೂತ್ರಪಿಂಡಕ್ಕೆ ತೊಂದರೆ’ ಮುಂತಾಗಿ. ಈ ಫಲಿತಾಂಶಗಳನ್ನು ನಾನೇ ಪಾಠಕ್ಕಾಗಿ ಬರೆದದ್ದೆಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಅತಿ ಹೆಚ್ಚು ಅಂಕದ ಕೀಲಿ ಎರಡನೆಯ ಬಾಗಿಲಿನಲ್ಲೇ ಬಿದ್ದಾಗ ಒಂದು ಗುಂಪು ಪ್ರತಿಭಟಿಸಿತು. 7 ಅಂಕದ ಕೀಲಿಯೊಂದು ನಾಲ್ಕನ್ನೂ ದಾಟಿತು.

ಇಲ್ಲಿ ಒಂದು ಎಚ್ಚರಿಕೆ. ಈ ಚಟುವಟಿಕೆಯನ್ನು ಮುಂದೆ ತನ್ನ ಬೋಧನಾಭ್ಯಾಸದಲ್ಲಿ ಬಳಸಿದ ಪ್ರಶಿಕ್ಷಣಾರ್ಥಿಯೊಬ್ಬರು ‘ಆದ್ದರಿಂದ ಕಂಪ್ಯೂಟರ್ ಮಾದರಿ ನಂಬಲರ್ಹವಲ್ಲ’ ಎಂದು ಮುಗಿಸಿದರು. ನಾನು ಒಂದು ಕಡೆ ವಾಲಿದ್ದೆ, ಅವರು ಇನ್ನೊಂದು ಕಡೆ ವಾಲಿದರು. ಅದಕ್ಕೇ ಏಳರಲ್ಲಿ ಒಂದರ ಲೆಕ್ಕವನ್ನು ಚಟುವಟಿಕೆಯ ಮೇಲೆ ಕಡ್ಡಾಯವಾಗಿ ಮಾಡಿಸಬೇಕು. ಇನ್ನೊಂದು ಮಾತು: ‘ನಿಮ್ಮ ಮನೆಯಲ್ಲಿ ಯಾರಿಗೆ ಬಿಪಿ ಇದೆ?’ ಎಂದು ತರಗತಿಯಲ್ಲಿ ಕೈ ಎತ್ತಿಸಬೇಡಿ. ಔಷಧಿಯ ಸಲಹೆಯನ್ನೂ ಕೊಡಬೇಡಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಬದಲಿಸಬಾರದು ಎಂಬಷ್ಟನ್ನು ಮಾತ್ರ ಸ್ಪಷ್ಟವಾಗಿ ಹೇಳಿ.

ಮೌಲ್ಯಮಾಪನಕ್ಕೆ ‘ಡಾಕಿಂಗ್ ಎಂದರೇನು?’ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಸುದ್ದಿಯಂಥ ಮೂರು ವಾಕ್ಯಗಳನ್ನು ಕೊಟ್ಟೆ: ‘ಈ ಸಂಯುಕ್ತ ಕಿಣ್ವಕ್ಕೆ ಬಿಗಿಯಾಗಿ ಹೊಂದುತ್ತದೆಂದು ಕಂಪ್ಯೂಟರ್ ತೋರಿಸಿದೆ’, ‘ಇಲಿಗಳಲ್ಲಿ ಒತ್ತಡ ಇಳಿಯಿತು’, ‘ಎರಡು ಗುಂಪಿನ ರೋಗಿಗಳನ್ನು ಐದು ವರ್ಷ ಹೋಲಿಸಿದಾಗ ಪಾರ್ಶ್ವವಾಯು ಕಡಿಮೆಯಾಯಿತು’. ಪ್ರತಿಯೊಂದೂ ಯಾವ ಬಾಗಿಲಿನಲ್ಲಿದೆ, ಮುಂದೆ ಏನನ್ನು ಪರೀಕ್ಷಿಸಬೇಕು ಎಂದು ಬರೆಯಬೇಕು. 38 ಮಕ್ಕಳಲ್ಲಿ 31 ಮಂದಿ ಮೂರನ್ನೂ ಸರಿಯಾಗಿ ಗುರುತಿಸಿದರು. ತಪ್ಪಿದವರಲ್ಲಿ ಹೆಚ್ಚಿನವರು ಎರಡನೆಯ ವಾಕ್ಯವನ್ನು ನಾಲ್ಕನೆಯ ಬಾಗಿಲಿಗೆ ಸೇರಿಸಿದ್ದರು. ಮುಂದಿನ ಸಲ ಆ ವ್ಯತ್ಯಾಸಕ್ಕೆ ಇನ್ನಷ್ಟು ಸಮಯ ಕೊಡಬೇಕು.

ಅಜ್ಜಿಯನ್ನು ಅವನ ತಾಯಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರಂತೆ. ಅಳೆದಾಗ ಮೇಲಿನ ಅಂಕೆ 170 ದಾಟಿತ್ತು. ಮಾತ್ರೆ ಮತ್ತೆ ಶುರುವಾಯಿತು. ಎಲೆಯ ಕಷಾಯದ ಬಗ್ಗೆ ಅಜ್ಜಿ ವೈದ್ಯರನ್ನೇ ಕೇಳಿದರಂತೆ, ಅದೂ ಒಳ್ಳೆಯದೇ ಆಯಿತು.

ನನ್ನ ಹಳೆಯ ಪಾಠಯೋಜನೆಯನ್ನು ಹರಿದು ಹಾಕಿಲ್ಲ. ಆ ವಾಕ್ಯದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದು, ಎರಡೂ ಕಾಣುವಂತೆ ವಿಧಾನ ಕೊಠಡಿಯ ಕಡತದಲ್ಲಿ ಇಟ್ಟಿದ್ದೇನೆ. ಹೊಸ ವಾಕ್ಯ ಇಷ್ಟು: “ಲಕ್ಷಾಂತರ ಅಣುಗಳಲ್ಲಿ ಯಾವುದನ್ನು ಮೊದಲು ಪರೀಕ್ಷಿಸಬೇಕೆಂದು ಕಂಪ್ಯೂಟರ್ ಸೂಚಿಸುತ್ತದೆ. ಅದು ಔಷಧಿಯೇ ಎಂದು ತಿಳಿಯುವುದು ಪರೀಕ್ಷೆಯಿಂದ.” ಈ ವರ್ಷದ ಪ್ರಶಿಕ್ಷಣಾರ್ಥಿಗಳು ಆ ಕಡತವನ್ನು ತೆಗೆದು ನೋಡಬಹುದು.